ಕಳೆದೋಯ್ತು ಅಂತ ರಿಪೋರ್ಟ್ ಮಾಡಿದ ಪಾಸ್‌ಪೋರ್ಟ್ ಪ್ರಯಾಣಕ್ಕೆ ಮುಂಚೆ ವಾಪಸ್ ಸಿಕ್ರೆ ಅದರಲ್ಲೇ ಹೋಗ್ಬಹುದಾ?

ಇಲ್ಲ, ದಯವಿಟ್ಟು ಆ ಪ್ರಯತ್ನ ಮಾಡ್ಬೇಡಿ. ಕಳೆದಿದೆ ಅಂತ ಒಂದ್ಸಲ ಅಧಿಕೃತವಾಗಿ ರಿಪೋರ್ಟ್ ಆಯ್ತು ಅಂದ್ರೆ ಅದು ರದ್ದಾದ ಹಾಗೇ ಲೆಕ್ಕ, ಆಮೇಲೆ ಬೀರುವಿನ ಬಟ್ಟೆ ಸಂದಿಲಿ ಸಿಕ್ರೂ ಸಾಮಾನ್ಯವಾಗಿ ಅದನ್ನ ಮತ್ತೆ ಚಾಲೂ ಮಾಡಿ ಕೊಡಲ್ಲ.

ಕಾರಣ ಇಷ್ಟೇ, ಚೆಕ್ ಆಗೋದು ಪಾಸ್‌ಪೋರ್ಟ್ ನಂಬರ್. ನೀವು ತಿಳಿಸಿದ ಮೇಲೆ ಸರ್ಕಾರ ಆ ನಂಬರನ್ನ ರದ್ದು ಮಾಡತ್ತೆ, ಎಷ್ಟೋ ದೇಶಗಳು ಅದನ್ನ ಇಂಟರ್‌ಪೋಲ್‌ನವರು 2002ರಲ್ಲಿ ಶುರು ಮಾಡಿದ ಕಳುವಾದ, ಕಳೆದುಹೋದ ಪ್ರಯಾಣ ದಾಖಲೆಗಳ ಡೇಟಾಬೇಸಿಗೂ ಸೇರಿಸ್ತವೆ. ಇಮಿಗ್ರೇಷನ್ ಕೌಂಟರಲ್ಲಿ ಫೋಟೋ ಇರೋ ಪುಟದ ಕೆಳಗಿನ ಎರಡು ಸಾಲು ಸ್ಕ್ಯಾನ್ ಮಾಡಿದಾಗ ಆ ನಂಬರ್ ಅಲ್ಲಿ ಸಿಕ್ತು ಅಂದ್ರೆ, ಮುಂದೆ ನಿಂತಿರೋದು ನಿಜವಾದ ಮಾಲೀಕರೋ ಕದ್ದವರೋ ಅಂತ ಮೆಷಿನ್‌ಗೆ ಗೊತ್ತಾಗಲ್ಲ, ನಿಮ್ಮನ್ನ ಪಕ್ಕಕ್ಕೆ ನಿಲ್ಲಿಸಿ ವಿಚಾರಿಸ್ತಾರೆ, ಇನ್ನೊಂದು ದೇಶಕ್ಕೆ ಹೋಗಿ ಇಳಿದ ಮೇಲೆ ಹೀಗಾದ್ರೆ ಅಲ್ಲಿಂದಾನೇ ವಾಪಸ್ ಕಳಿಸಲೂಬಹುದು.

ಅದಕ್ಕೇ ರಿಪೋರ್ಟ್ ಮಾಡೋ ಮುಂಚೆ ಮನೆ, ಬ್ಯಾಗು, ಹಿಂದಿನ ಸಲ ಜೆರಾಕ್ಸ್ ಮಾಡಿಸಿದ ಜಾಗ ಎಲ್ಲಾ ಒಂದ್ಸಲ ಸರಿಯಾಗಿ ಹುಡುಕಿ. ಆದ್ರೆ ಕಳುವಾಗಿದೆ ಅಂತ ಖಾತ್ರಿ ಇದ್ರೆ ಒಂದು ಗಂಟೆನೂ ಕಾಯ್ಬೇಡಿ, ಬೇರೆಯವರು ನಿಮ್ಮ ಹೆಸರಲ್ಲಿ ಓಡಾಡೋ ಅಪಾಯ ಇರತ್ತೆ. ಪ್ರಯಾಣ ಹತ್ರ ಇದ್ರೆ ತುರ್ತು ಸೇವೆಲಿ ಹೊಸದಕ್ಕೆ ಅರ್ಜಿ ಹಾಕಿ, ಟಿಕೆಟ್ ಹೆಸರಿನ ಮೇಲೆ ಇರೋದ್ರಿಂದ ಅದು ಉಳಿಯತ್ತೆ, ಏರ್‌ಲೈನ್‌ಗೆ ಹೊಸ ನಂಬರ್ ಕೊಟ್ರೆ ಸಾಕು. ಜನ ಮರೆಯೋದು ವೀಸಾನ. ಅದು ಹಳೇ ನಂಬರಿಗೇ ಅಂಟ್ಕೊಂಡಿರತ್ತೆ, ಅಮೆರಿಕದ ಇಎಸ್‌ಟಿಎ ಥರದ ಆನ್‌ಲೈನ್ ಅನುಮತಿ ಆದ್ರಂತೂ ಹೊಸ ಪಾಸ್‌ಪೋರ್ಟಿಗೆ ಹೊಸದಾಗೇ ತಗೋಬೇಕು.