ನಿಮ್ಮ ಲೇಖನದಲ್ಲಿ ಜೈದ್ ಎಲ್ಲಿದ್ದಾರೆ?

ನಮಸ್ಕಾರ,

ಇರಾಕಿನ ರಾಜಕುಮಾರ, ರಾಯಭಾರಿ ಜೈದ್ ಬಿನ್ ಹುಸೇನ್ ಬಗ್ಗೆ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಆದರೆ ದಯವಿಟ್ಟು ಕೈಬಿಡಬೇಡಿ. ವಿಷಯ ನನಗೆ ತುಂಬಾ ಹಿಡಿಸಿದೆ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಮೊದಲ ನಾಲ್ಕು ಪುಟ ಬರೀ ವಂಶಾವಳಿ. ಅಪ್ಪ ಮೆಕ್ಕಾದ ಶರೀಫ್ ಹುಸೇನ್, ಅಣ್ಣಂದಿರು ಅಲಿ, ಅಬ್ದುಲ್ಲಾ, ಫೈಸಲ್, ಯಾರು ಎಲ್ಲಿಯ ದೊರೆ, ಯಾವ ವರ್ಷದಿಂದ ಯಾವ ವರ್ಷದವರೆಗೆ. ತಪ್ಪೇನಿಲ್ಲ, ಆದರೆ ಐದನೇ ಪುಟಕ್ಕೆ ಬರುವಷ್ಟರಲ್ಲಿ ಲೇಖನ ಯಾರ ಬಗ್ಗೆ ಅನ್ನೋದೇ ನನಗೆ ಮರೆತುಹೋಗಿತ್ತು. ಮೂವರು ಅಣ್ಣಂದಿರಿಗೂ ಪಟ್ಟ ಸಿಕ್ಕಿತು, ಕೊನೆಯ ತಮ್ಮನಿಗೆ ಸಿಗಲಿಲ್ಲ ಎಂದು ಒಂದು ಸಾಲು ಬರೆದರೆ ಸಾಕು, ಓದುಗ ಕಿವಿ ನಿಮಿರಿಸುತ್ತಾನೆ.

‘ಮರುಭೂಮಿಯ ಕುವರ’ ಅನ್ನುವ ಶೀರ್ಷಿಕೆ ಬೇಡ. ಅವರು ಹುಟ್ಟಿದ್ದು 1898ರಲ್ಲಿ, ಇಸ್ತಾಂಬುಲ್‌ನಲ್ಲಿ, ತುರ್ಕಿ ತಾಯಿಯ ಮಗನಾಗಿ. ಮೆಕ್ಕಾದ ಮನೆತನದ ಮಗು ಅಲ್ಲಿ ಯಾಕೆ ಹುಟ್ಟಿತು? ಒಟ್ಟೋಮನ್ ತುರ್ಕಿಯ ಸುಲ್ತಾನ್ ಅಬ್ದುಲ್ ಹಮೀದ್, ಹುಸೇನ್ ಅವರನ್ನು ಅಲ್ಲೇ ತನ್ನ ಕಣ್ಣಳತೆಯಲ್ಲಿ ಇರಿಸಿಕೊಂಡಿದ್ದ. 1908ರಲ್ಲಷ್ಟೇ ಅವರು ಮೆಕ್ಕಾಕ್ಕೆ ಮರಳಿದ್ದು. ಆಮೇಲೆ ಮೆಕ್ಕಾ ಇರುವ ಹಿಜಾಜ್ ಪ್ರಾಂತ ಕೈತಪ್ಪಿದಾಗ ಇದೇ ಅಪ್ಪ ಮತ್ತೆ ಊರು ಬಿಟ್ಟು ಸೈಪ್ರಸ್ ಸೇರಬೇಕಾಯಿತು. ನೀವು 1958ರಲ್ಲಿ ಶುರುಮಾಡಿದ ಊರು ಬಿಡುವ ಕಥೆ ಜೈದ್ ತೊಟ್ಟಿಲಲ್ಲಿದ್ದಾಗಲೇ ಶುರುವಾಗಿತ್ತು ಅಲ್ವಾ?

‘ಗಡಿಪಾರು’ ಎಂಬ ಪದವನ್ನೂ ಜಾಸ್ತಿ ಬಳಸಿದ್ದೀರಿ. ಗಡಿಪಾರು ಅಂದರೆ ಯಾರೋ ಆದೇಶ ಹೊರಡಿಸಿ ಆಚೆ ಕಳಿಸುವುದು. ಇಲ್ಲಿ ಆದದ್ದೇ ಬೇರೆ. ಅವರನ್ನು ರಾಯಭಾರಿಯಾಗಿ ಲಂಡನ್ನಿಗೆ ಕಳಿಸಿದ್ದ ರಾಜ್ಯವೇ ಒಂದು ಬೆಳಗ್ಗೆ ಇಲ್ಲವಾಯಿತು.

ಆ ಬೆಳಗ್ಗೆಯನ್ನು ನೀವು ಮೂರೇ ಸಾಲಿನಲ್ಲಿ ಮುಗಿಸಿದ್ದೀರಿ, ನನಗೆ ನಿಜಕ್ಕೂ ಬೇಜಾರಾಯಿತು. 1958ರ ಜುಲೈ 14. ಬಾಗ್ದಾದಿನಲ್ಲಿ ಸೇನೆ ದಂಗೆ ಎದ್ದಿತು, 23 ವರ್ಷದ ದೊರೆ, ಜೈದ್ ಅಣ್ಣನ ಮೊಮ್ಮಗ ಎರಡನೇ ಫೈಸಲ್‌ನನ್ನೂ ಅವನ ಮನೆಯವರನ್ನೂ ಅರಮನೆಯಲ್ಲೇ ಗುಂಡಿಟ್ಟು ಕೊಂದರು. ದೊರೆ ರಜೆಗೆ ಹೋದಾಗ ಅವನ ಜಾಗದಲ್ಲಿ ನಿಂತು ರಾಜ್ಯ ನೋಡಿಕೊಳ್ಳುತ್ತಿದ್ದದ್ದು ಇದೇ ಜೈದ್. ಆ ಬೇಸಿಗೆ ಮಾತ್ರ ಹೆಂಡತಿ, ಚಿತ್ರಕಲಾವಿದೆ ಫಹ್ರೆಲ್ನಿಸ್ಸಾ, ಬಾಗ್ದಾದಿಗೆ ಹೋಗುವುದು ಬೇಡ ಎಂದು ಒಪ್ಪಿಸಿ ಇಟಲಿಯ ಇಸ್ಕಿಯಾ ದ್ವೀಪದ ಹೊಸ ಮನೆಗೆ ಕರೆದುಕೊಂಡು ಹೋಗಿದ್ದರು. ಜೀವ ಉಳಿಯಿತು. ಲಂಡನ್ನಿನ ರಾಯಭಾರ ಕಚೇರಿ ಖಾಲಿ ಮಾಡಲು ಸಿಕ್ಕಿದ್ದು 24 ಗಂಟೆ. ನಿಮ್ಮ ಲೇಖನ ಇಲ್ಲಿಂದಲೇ ಶುರುವಾಗಲಿ.

ಆದರೆ ಆ ರಾತ್ರಿ ‘ಜೈದ್ ಬಿಕ್ಕಿ ಬಿಕ್ಕಿ ಅತ್ತರು’ ಎಂದು ಬರೆದಿದ್ದೀರಲ್ಲ, ಅದನ್ನು ನಿಮಗೆ ಯಾರು ಹೇಳಿದರು? ಸುಮ್ನೆ ಕಣ್ಣೀರು ಹಾಕಿಸಬೇಡಿ. ಅದಕ್ಕಿಂತ ದೊಡ್ಡ ವಿಷಯ ನಿಮ್ಮ ಲೇಖನದಲ್ಲೇ ಬಿದ್ದಿದೆ, ಏಳನೇ ಪುಟದ ಕೊನೆಯಲ್ಲಿ, ಅದೂ ಕಂಸದೊಳಗೆ: ರಾಯಭಾರ ಕಚೇರಿಯಿಂದ ಫ್ಲ್ಯಾಟಿಗೆ ಬಂದ ಮೇಲೆ ಫಹ್ರೆಲ್ನಿಸ್ಸಾ ತಮ್ಮ 57ನೇ ವಯಸ್ಸಿನಲ್ಲಿ ಮೊದಲ ಸಲ ಅಡುಗೆ ಮಾಡಿದರು. ಉಳಿದ ಕೋಳಿ ಮೂಳೆಗಳನ್ನು ಎಸೆಯಲಿಲ್ಲ, ಅವಕ್ಕೆ ಬಣ್ಣ ಹಚ್ಚಿದರು, ಮುಂದೆ ಅಂಥ ಮೂಳೆಗಳನ್ನು ಪಾರದರ್ಶಕ ರಾಳದಲ್ಲಿ ಹುದುಗಿಸಿ ಕಲಾಕೃತಿ ಮಾಡಿದರು. ಆ ಮೂಳೆ ಓದುಗನ ಕೈಗೆ ಸಿಗುವ ಹಾಗೆ ಬರೆಯಿರಿ. ಕಳೆದುಕೊಂಡದ್ದು ಎಷ್ಟು ಎಂದು ಬೇರೆ ಹೇಳಬೇಕಾಗುವುದಿಲ್ಲ.

ಬರ್ಲಿನ್ ಕೂಡ ಒಂದೇ ಸಾಲಿನಲ್ಲಿ ಹೋಗಿದೆ. ಹಿಟ್ಲರ್ ಆಳುತ್ತಿದ್ದಾಗ ಅವರು ಅಲ್ಲಿ ಇರಾಕಿನ ಪ್ರತಿನಿಧಿ, ಮಗ ರಾದ್ ಹುಟ್ಟಿದ್ದೂ 1936ರಲ್ಲಿ ಅಲ್ಲೇ. ಒಂದು ಪ್ಯಾರಾ ಆದರೂ ಕೊಡಿ.

ಇನ್ನೊಂದು, ನೀವು ಲಗತ್ತಿಸಿದ ಫೋಟೋ ಇವರದ್ದಲ್ಲ. ಅದು ಮೊಮ್ಮಗ ಜೈದ್ ರಾದ್ ಅಲ್ ಹುಸೇನ್, 2014ರಿಂದ 2018ರವರೆಗೆ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಹೈಕಮಿಷನರ್ ಆಗಿದ್ದ ಜೋರ್ಡಾನಿನ ರಾಜತಾಂತ್ರಿಕ. ಹೆಸರು ಒಂದೇ ಆದ್ದರಿಂದ ಹೀಗಾಗುತ್ತದೆ, ಆದರೆ ಅಚ್ಚಾದ ಮೇಲೆ ತಿದ್ದಲು ಆಗುವುದಿಲ್ಲ ನೋಡಿ.

ಕೊನೆಯ ಪ್ಯಾರಾದಲ್ಲಿ ‘ಇತಿಹಾಸ ಅವರನ್ನು ಸದಾ ನೆನೆಯುತ್ತದೆ’ ಎಂದಿದೆ, ತೆಗೆದುಬಿಡಿ. 1970ರಲ್ಲಿ ಪ್ಯಾರಿಸ್‌ನಲ್ಲಿ ತೀರಿಕೊಂಡರು, ಮಣ್ಣು ಮಾಡಿದ್ದು ಜೋರ್ಡಾನಿನ ಅಮ್ಮಾನ್‌ನಲ್ಲಿ. ಹುಟ್ಟಿದ ಊರೂ ಅಲ್ಲ, ಅವರು ಪ್ರತಿನಿಧಿಸಿದ ದೇಶವೂ ಅಲ್ಲ. ಅಷ್ಟು ಬರೆದು ನಿಲ್ಲಿಸಿ.

ಒಂದು ತಿಂಗಳು ಸಮಯ ತೆಗೆದುಕೊಳ್ಳಿ. ಅರ್ಧ ಗಾತ್ರಕ್ಕೆ ಇಳಿಸಿ ನೇರವಾಗಿ ನನಗೇ ಕಳಿಸಿ, ಬಂದ ದಿನವೇ ಓದುತ್ತೇನೆ.