'ಡಬ್ಬು' ಅಂದಿದ್ದು ಯಾರಿಗೆ ನೆನಪಿದೆ?

ಪ್ರಶ್ನೆ: ನಾನು ಬಾಗೇಪಲ್ಲಿ ಕಡೆಯವಳು, 27 ವರ್ಷ, ಮನೆಮಾತು ತೆಲುಗು. ಚಿಕ್ಕಬಳ್ಳಾಪುರದಲ್ಲಿ ಅಕ್ಕನ ಮನೆಯಲ್ಲಿದ್ದು, ಒಂದು ಸಹಕಾರ ಸಂಘದಲ್ಲಿ ಲೆಕ್ಕ ಬರೆಯುತ್ತೇನೆ. ಹೋದ ತಿಂಗಳು ಮೀಟಿಂಗಿನಲ್ಲಿ 'ದುಡ್ಡು ಕಟ್ಟಿಲ್ಲ' ಅನ್ನೋ ಬದಲು 'ಡಬ್ಬು ಕಟ್ಟಿಲ್ಲ' ಅಂದುಬಿಟ್ಟೆ. ಇಬ್ಬರು ನಕ್ಕರು. ಕಿವಿ ಬಿಸಿಯಾಯಿತು, ಕೈಯಲ್ಲಿದ್ದ ಹಾಳೆ ನಡುಗಿತು, ಅದು ಎಲ್ಲರಿಗೂ ಕಾಣಿಸಿತು. ಅವತ್ತಿಂದ ಸರಿಯಾಗಿ ನಿದ್ದೆ ಇಲ್ಲ, ನಾನು ಯಾತಕ್ಕೂ ಬಾರದವಳು ಅನಿಸುತ್ತದೆ. ಈಗ ಮಹಾಸಭೆಯಲ್ಲಿ ಜಮಾ-ಖರ್ಚು ಓದಬೇಕಂತೆ. ಹುಷಾರಿಲ್ಲ ಅಂತ ರಜೆ ಹಾಕಲಾ?

ಉತ್ತರ: ರಜೆ ಹಾಕಬೇಡಿ ತಂಗಿ. ಹಾಕಿದರೆ ಅವತ್ತೊಂದು ದಿನ ಹಾಯಾಗಿರುತ್ತದೆ, ನಿಜ. ಆದರೆ 'ಹೋಗದೇ ಇದ್ದಿದ್ದಕ್ಕೆ ಬಚಾವಾದೆ' ಅಂತ ಮನಸ್ಸು ನಂಬಿಬಿಡುತ್ತದೆ. ಹೋಗಿದ್ದರೆ ಏನಾಗುತ್ತಿತ್ತು ಅನ್ನೋದು ಅದಕ್ಕೆ ಗೊತ್ತಾಗುವುದೇ ಇಲ್ಲ. ಮುಂದಿನ ವರ್ಷ ಭಯ ಇನ್ನೂ ಜಾಸ್ತಿ ಆಗಿರುತ್ತದೆ.

ನಿಮ್ಮ ಪತ್ರದಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು 'ಎಲ್ಲರಿಗೂ ಕಾಣಿಸಿತು' ಅನ್ನೋ ಮಾತು. ಹಾಗಂತ ಯಾರು ಹೇಳಿದರು? ಕಿವಿ ಬಿಸಿಯಾಗಿದ್ದು ಒಳಗಿಂದ ನಿಮಗೆ ಗೊತ್ತಾಯಿತು, ಹಾಗಾದರೆ ಕೆಂಪಗೆ ಕಂಡಿರಬೇಕು ಅಂದುಕೊಂಡಿರಿ, ಕಂಡಿದ್ದರೆ ನಕ್ಕಿರಬೇಕು, ನಕ್ಕಿದ್ದರೆ ಇವಳಿಗೇನೂ ಬರಲ್ಲ ಅಂತ ತೀರ್ಮಾನ ಮಾಡಿರಬೇಕು, ಹೀಗೆ ಒಂದರ ಮೇಲೊಂದು ಕಟ್ಟುತ್ತಾ ಹೋಗಿದ್ದೀರಿ. ಡೇವಿಡ್ ಕ್ಲಾರ್ಕ್ ಮತ್ತು ಏಡ್ರಿಯನ್ ವೆಲ್ಸ್ ಅನ್ನುವ ಮನಶ್ಶಾಸ್ತ್ರಜ್ಞರು 1995ರಲ್ಲಿ ವಿವರಿಸಿದ್ದು ಇದನ್ನೇ. ಜನರ ಮುಂದೆ ತುಂಬಾ ಹೆದರುವವರ ಗಮನವೆಲ್ಲ ಒಳಕ್ಕೆ ತಿರುಗುತ್ತದೆ, ಒಳಗೆ ಅನಿಸಿದ್ದನ್ನೇ ಹೊರಗೆ ಕಂಡದ್ದು ಅಂತ ತಿಳಿದುಕೊಳ್ಳುತ್ತಾರೆ, ಮನೆಗೆ ಬಂದು ಅದನ್ನೇ ಮತ್ತೆ ಮತ್ತೆ ಕೆದಕುತ್ತಾರೆ. ನೀವು ಲೆಕ್ಕ ಬರೆಯುವವರು. ವೋಚರ್ ಇಲ್ಲದೆ ಸಂಘದ ಪುಸ್ತಕದಲ್ಲಿ ಹತ್ತು ರೂಪಾಯಿ ಖರ್ಚು ಬರೆಯುತ್ತೀರಾ? ನಿಮ್ಮ ಹೆಸರಲ್ಲಿ ಮಾತ್ರ ದಿನಾ ರಾತ್ರಿ ಬರೆಯುತ್ತಿದ್ದೀರಿ.

ಇಬ್ಬರು ನಕ್ಕಿದ್ದು ಸುಳ್ಳಲ್ಲ, ನಿಮಗೆ ನೋವಾಗಿದ್ದೂ ಸುಳ್ಳಲ್ಲ. ಆದರೆ ಚಿಕ್ಕಬಳ್ಳಾಪುರದ ಮಾರ್ಕೆಟ್ಟಿನಲ್ಲಿ ಹೂವು ಕೊಳ್ಳುವವರು ಕನ್ನಡದಲ್ಲಿ ಶುರು ಮಾಡಿ ತೆಲುಗಿನಲ್ಲಿ ಚೌಕಾಸಿ ಮುಗಿಸುತ್ತಾರೆ. ಅಂಥ ಊರಲ್ಲಿ 'ಡಬ್ಬು' ಅಂದಿದ್ದನ್ನು ಒಂದು ತಿಂಗಳು ಯಾರು ನೆನಪಿಟ್ಟುಕೊಳ್ಳುತ್ತಾರೆ? ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದವರು 2000ದಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಹಾಕಿಕೊಳ್ಳಲು ಮುಜುಗರವಾಗುವಂಥ ಟೀ ಶರ್ಟ್ ಕೊಟ್ಟು ವಿದ್ಯಾರ್ಥಿಗಳನ್ನು ಒಬ್ಬೊಬ್ಬರಾಗಿ ಕೋಣೆಯೊಳಗೆ ಕಳಿಸಿದ್ದರು. ಅಲ್ಲಿದ್ದವರಲ್ಲಿ ಸುಮಾರು ಅರ್ಧ ಜನ ಗಮನಿಸಿರುತ್ತಾರೆ ಅಂತ ಹಾಕಿಕೊಂಡವರ ಅಂದಾಜು. ನಿಜವಾಗಿ ಗಮನಿಸಿದ್ದು ಸುಮಾರು ಕಾಲು ಭಾಗ ಜನ.

ಈಗ ಮಾಡಬೇಕಾದ ಕೆಲಸ. ಜಮಾ-ಖರ್ಚನ್ನು ಅಕ್ಕನ ಮುಂದೆ ನಿಂತು ಓದಿ, ಅವರು ಫೋನಿನಲ್ಲಿ ವಿಡಿಯೋ ಮಾಡಲಿ. ನೋಡುವ ಮೊದಲೇ ಒಂದು ಚೀಟಿಯಲ್ಲಿ ಬರೆಯಿರಿ: ಕೈ ಎಷ್ಟು ನಡುಗಿರುತ್ತದೆ, ಮುಖ ಎಷ್ಟು ಕೆಂಪಾಗಿರುತ್ತದೆ, ನೂರಕ್ಕೆ ಎಷ್ಟು ಅಂತ. ಆಮೇಲೆ ಯಾರೋ ಗುರುತಿಲ್ಲದ ಹುಡುಗಿಯನ್ನು ನೋಡುವ ಹಾಗೆ ನೋಡಿ, ಪಕ್ಕದಲ್ಲಿ ಇನ್ನೊಂದು ನಂಬರ್ ಹಾಕಿ. ತುಂಬಾ ಜನರಿಗೆ ಎರಡನೇ ನಂಬರ್ ಕಡಿಮೆ ಬರುತ್ತದೆ. ನಿಮ್ಮ ವೋಚರ್ ಅದೇ. ಹಾಳೆಯನ್ನು ಬಿಗಿಯಾಗಿ ಹಿಡಿದಷ್ಟೂ ನಡುಕ ಜಾಸ್ತಿ, ಮೇಜಿನ ಮೇಲಿಟ್ಟು ಓದಿ. ಬಾಯಿಪಾಠ ಮಾಡಲು ಹೋಗಬೇಡಿ. ನಡುನಡುವೆ ತಲೆ ಎತ್ತಿ ಮುಂದೆ ಕೂತವರ ಮುಖ ನೋಡಿ, ಅವರಲ್ಲಿ ಎಷ್ಟು ಜನ ಊಟ ಯಾವಾಗ ಅಂತ ಯೋಚಿಸುತ್ತಿರುತ್ತಾರೆ ಗೊತ್ತಾ!

ತಿಂಗಳಿಂದ ನಿದ್ದೆ ಇಲ್ಲ ಅಂದಿರಲ್ಲ, ಅದನ್ನು ಸುಮ್ನೆ ಬಿಡಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿದರೆ ಯಾವ ಹೊತ್ತಿನಲ್ಲಾದರೂ ಕನ್ನಡದಲ್ಲಿ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ. ನಾಚಿಕೆ ಸ್ವಭಾವ ಅಂತ ತಳ್ಳಿಹಾಕುವ ಈ ತೊಂದರೆಗೆ ಮಾತಿನ ಚಿಕಿತ್ಸೆ ಇದೆ, ಚೆನ್ನಾಗಿ ಕೆಲಸವೂ ಮಾಡುತ್ತದೆ.

ಅಕ್ಕನಿಗೆ ಇದ್ಯಾವುದನ್ನೂ ಹೇಳಿಲ್ಲ ಅನಿಸುತ್ತದೆ, ಅಲ್ವಾ? ಇವತ್ತು ರಾತ್ರಿ ಊಟ ಆದಮೇಲೆ ವಿಡಿಯೋ ಮಾಡಲು ಫೋನ್ ಅವರ ಕೈಗೆ ಕೊಡಿ. ಮೊದಲ ಸಲಕ್ಕೆ ಎರಡು ನಿಮಿಷ ಸಾಕು.