ದಾರಿ ಮುಚ್ಚಿದರೆ ಕಾಡು ಉಳಿಯುತ್ತದೆಯೇ?

ಓದುಗರ ಪತ್ರ: ಶರಾವತಿ ಕಣಿವೆಯ ಕಾಲುದಾರಿಗಳ ಬಗ್ಗೆ ಕಳೆದ ಸಂಚಿಕೆಯಲ್ಲಿ ಬಂದ ಲೇಖನ ಓದಿ ಬೇಸರವಾಯಿತು. ಹೀಗೆ ಬರೆದು ಬರೆದೇ ಪೇಟೆಯ ಜನರನ್ನು ಕಾಡಿಗೆ ಕರೆಯುತ್ತಿದ್ದೀರಿ. ನನ್ನನ್ನು ಕೇಳಿದರೆ ಗೇರುಸೊಪ್ಪೆ, ಕಾನೂರು ಕಡೆಯ ಎಲ್ಲ ದಾರಿಗಳನ್ನೂ ಪೂರ್ತಿ ಮುಚ್ಚಬೇಕು. ಮನುಷ್ಯ ಕಾಲಿಡದಿದ್ದರೆ ಕಾಡು ತಾನೇ ಉಳಿಯುತ್ತದೆ.
– ನಿವೃತ್ತ ಶಿಕ್ಷಕರೊಬ್ಬರು, ಸಾಗರ ತಾಲ್ಲೂಕು

ಸಂಪಾದಕರ ಉತ್ತರ:

ಮೇಷ್ಟ್ರೇ, ನಮಸ್ಕಾರ. ನಿಮ್ಮ ಸಿಟ್ಟು ನನಗೆ ಅರ್ಥವಾಗುತ್ತದೆ. 2024ರ ಜನವರಿಯಲ್ಲಿ, ಗಣರಾಜ್ಯೋತ್ಸವದ ರಜೆಗೆ, ಕುಮಾರ ಪರ್ವತದ ಮೇಲೆ ಸಾವಿರಾರು ಜನ ಸಾಲುಗಟ್ಟಿದ ಚಿತ್ರಗಳನ್ನು ನಾನೂ ನೋಡಿದ್ದೇನೆ. ಜಾತ್ರೆಯಲ್ಲೂ ಅಷ್ಟು ನೂಕುನುಗ್ಗಲು ಇರುವುದಿಲ್ಲ. ಅರಣ್ಯ ಇಲಾಖೆ ಆಮೇಲೆ ಚಾರಣಕ್ಕೆ ಆನ್‌ಲೈನ್ ಬುಕಿಂಗ್ ತಂದು, ಒಂದು ದಾರಿಗೆ ದಿನಕ್ಕೆ 300 ಜನ ಎಂದು ಮಿತಿ ಹಾಕಿದ್ದು ಸರಿಯಾಗಿಯೇ ಇದೆ. ಬೇಸಿಗೆಯಲ್ಲಿ ಬೆಂಕಿಯ ಭಯಕ್ಕೆ ದಾರಿ ಮುಚ್ಚುವುದೂ ಸರಿ. ಹಳ್ಳದಲ್ಲಿ ಚಿಪ್ಸ್ ಪೊಟ್ಟಣ ಎಸೆಯುವವನ ಪರವಾಗಿ ನಾನು ಒಂದು ಸಾಲೂ ಬರೆಯುವುದಿಲ್ಲ.

ಆದರೆ ‘ಮನುಷ್ಯ ಕಾಲಿಡದಿದ್ದರೆ ಕಾಡು ತಾನೇ ಉಳಿಯುತ್ತದೆ’ ಎಂದು ಬರೆದಿದ್ದೀರಲ್ಲ, ಅದನ್ನು ಒಪ್ಪಲಾರೆ. ನಿಮ್ಮ ತಾಲ್ಲೂಕಿನಲ್ಲೇ ಹುಟ್ಟಿ ಬೆಳೆದವರು ಇದನ್ನು ಬರೆದದ್ದು ನನಗೆ ಇನ್ನೂ ಜಾಸ್ತಿ ನೋವು ಕೊಟ್ಟಿತು.

ಶರಾವತಿ ಕಣಿವೆಯಲ್ಲಿ ಮನುಷ್ಯ ಕಾಲಿಡದ ಕಾಲ ಯಾವುದಿತ್ತು ಹೇಳಿ? ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಕಾಳುಮೆಣಸಿನ ರಾಣಿ ಎಂದು ಕರೆದರು. ಆ ಮೆಣಸು ಹೊನ್ನಾವರದ ಬಂದರಿಗೆ ಲಾರಿಯಲ್ಲಿ ಹೋಗಲಿಲ್ಲ. ಹೇರೆತ್ತಿನ ಬೆನ್ನ ಮೇಲೆ, ಹೊರೆಯಾಳುಗಳ ತಲೆಯ ಮೇಲೆ ಘಟ್ಟ ಇಳಿದು, ಕೆಳಗೆ ಹೊಳೆಯಲ್ಲಿ ದೋಣಿ ಹತ್ತಿತು. ಮೇಲಕ್ಕೆ ಬರುವಾಗ ಉಪ್ಪು, ಒಣಮೀನು, ತೆಂಗಿನಕಾಯಿ. 1623ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲೆ ಹೊನ್ನಾವರದಿಂದ ದೋಣಿಯಲ್ಲೇ ಗೇರುಸೊಪ್ಪೆಗೆ ಬಂದ. ಅಲ್ಲಿಂದ ಘಟ್ಟ ಹತ್ತಿ ಇಕ್ಕೇರಿಗೆ, ವೆಂಕಟಪ್ಪ ನಾಯಕನ ಆಸ್ಥಾನಕ್ಕೆ ಹೋದ. ಈ ಹೊಳೆಯ ಚೆಲುವನ್ನು ಬಾಯ್ತುಂಬ ಹೊಗಳಿದ್ದಾನೆ. ರಾಣಿಯ ಊರು ಆಗಲೇ ಹಾಳುಬಿದ್ದು ಮರ ಬೆಳೆದಿತ್ತು ಎಂದೂ ಬರೆದಿದ್ದಾನೆ. ರಾಣಿಯ ಕಾಲ ಮುಗಿದು ಇಪ್ಪತ್ತು ವರ್ಷ ಆಗಿತ್ತೋ ಇಲ್ಲವೋ, ಅಷ್ಟರಲ್ಲೇ ಕಾಡು ಊರನ್ನು ವಾಪಸ್ ತೆಗೆದುಕೊಂಡಿತ್ತು. ಇವತ್ತಿಗೂ ನಗರಬಸ್ತಿಕೇರಿಯ ಚತುರ್ಮುಖ ಬಸದಿ ನಾಲ್ಕೂ ದಿಕ್ಕಿಗೆ ಬಾಗಿಲು ತೆರೆದು ಮರಗಳ ನಡುವೆ ನಿಂತಿದೆ. ಇನ್ನೂ ಮೇಲೆ ದಟ್ಟ ಕಾಡಿನೊಳಗೆ ಕಾನೂರು ಕೋಟೆ ಇದೆ.

ನಡೆದವರಿಂದ ಈ ಕಣಿವೆ ಕೆಡಲಿಲ್ಲ ಮೇಷ್ಟ್ರೇ. ನೂರಾರು ವರ್ಷ ಅದು ಜನರ ಹೆಜ್ಜೆಯನ್ನೂ ಎತ್ತಿನ ಗೊರಸನ್ನೂ ತಾಳಿಕೊಂಡಿತು. ಅದು ಕೆಟ್ಟದ್ದು ಬೇರೆಯವರ ಕೈಯಲ್ಲಿ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಊರುಗಳು, ಗದ್ದೆಗಳು, ಅವುಗಳನ್ನು ಒಂದಕ್ಕೊಂದು ಕಟ್ಟಿದ್ದ ದಾರಿಗಳು, ಎಲ್ಲವೂ ನೀರಿನ ಅಡಿಗೆ ಹೋದವು. ಕರೆಂಟು ಇಡೀ ರಾಜ್ಯಕ್ಕೆ ಬಂತು, ನಿಜ. ಮುಳುಗಡೆಯಾದವರ ಎಷ್ಟೋ ಮನೆಗಳು ಮಾತ್ರ ಇವತ್ತಿಗೂ ಹಕ್ಕುಪತ್ರಕ್ಕಾಗಿ ಕಚೇರಿ ಅಲೆಯುತ್ತಿವೆ. ಇದನ್ನು ನಿಮಗೆ ನಾನು ಹೇಳಿಕೊಡಬೇಕಾಗಿಲ್ಲ.

ಕೆಲವು ವರ್ಷಗಳ ಹಿಂದೆ, ಮಳೆಗಾಲದಲ್ಲಿ, ಮಲೆಮನೆ ಘಟ್ಟದ ಹತ್ತಿರದ ಕತ್ತಲೆಕಾನು ಎಂಬ ಕಾಡಿಗೆ ಹೋಗಿದ್ದೆ. ಜೊತೆಗೆ ಆ ಕಡೆಯ ಕುಣಬಿ ಸಮುದಾಯದ ಹಿರಿಯರೊಬ್ಬರಿದ್ದರು. ಹೊರಡುವ ಮೊದಲೇ ಹೊಗೆಸೊಪ್ಪು, ಸುಣ್ಣ ಸೇರಿಸಿ ನನ್ನ ಕಾಲಿಗೆ ಮೊಣಕಾಲಿನವರೆಗೆ ತಿಕ್ಕಿದರು. ಆದರೂ ಉಂಬಳ, ಅಂದರೆ ಕಾಡಿನ ಜಿಗಣೆ, ಬಿಡಲಿಲ್ಲ. ಒಂದು ಹಳ್ಳಕ್ಕೆ ಕಾಲುಸಂಕ. ಎರಡು ಅಡಿಕೆ ಮರ ಜೋಡಿಸಿ ಬಳ್ಳಿಯಿಂದ ಬಿಗಿದಿದ್ದರು, ಹಿಡಿಯೋಕೆ ಒಂದು ಬಿದಿರು. ಅವರು ಮೊದಲು ದಾಟಿ, ಬಳ್ಳಿಯ ಗಂಟನ್ನು ಕೈಯಲ್ಲಿ ಎಳೆದು ನೋಡಿ, ಆಮೇಲೆ ನನಗೆ ಬನ್ನಿ ಎಂದರು.

ಆಚೆಗೆ ರಾಂಪತ್ರೆ, ಅಂದರೆ ಕಾಡುಜಾಯಿಕಾಯಿ ಮರಗಳ ಜೌಗು. ಕಪ್ಪು ಕೆಸರಿನಿಂದ ಬೇರುಗಳು ಮಂಡಿ ಮಡಚಿದ ಹಾಗೆ ಮೇಲೆದ್ದಿದ್ದವು. ಕೆಸರಿನೊಳಗೆ ಗಾಳಿ ಸಾಲದು, ಅದಕ್ಕೇ ಉಸಿರಾಡಲು ಬೇರು ಹೊರಗೆ ಬರುತ್ತದೆ. ಕಾಲಿಡಲು ಜಾಗ ಹುಡುಕುತ್ತಾ ಇರುವಾಗ ಹಿರಿಯರು ಬಗ್ಗಿ, ಒಡೆದು ಬಿಸಾಡಿದ ಉಪ್ಪಾಗೆ ಕಾಯಿಯ ಸಿಪ್ಪೆ ಎತ್ತಿ ತೋರಿಸಿದರು. ಮೂಸಿ ನೋಡಿ, “ಇದು ಇವತ್ತು ಬೆಳಿಗ್ಗೆದು” ಎಂದರು. ಸಿಂಗಳೀಕ ತಿಂದದ್ದು. ಸ್ವಲ್ಪ ಹೊತ್ತು ನಿಂತೆವು. ಮೇಲೆ ಕೊಂಬೆ ಅಲ್ಲಾಡಿತು. ಕಪ್ಪು ಮೈ, ಮುಖದ ಸುತ್ತ ಬೂದು ಕೇಸರ, ಒಂದೇ ಕ್ಷಣ ಕಂಡು ಮರೆಯಾಯಿತು. ಹಿರಿಯರಿಗೆ ಅದಕ್ಕಿಂತ ಆ ಸಿಪ್ಪೆಯ ಮೇಲೇ ಗಮನ. “ಹೊರಗಿನವರು ಬಂದು ಹಣ್ಣಾಗುವ ಮೊದಲೇ ಕೊಯ್ದುಬಿಟ್ಟರೆ ಅದಕ್ಕೂ ಇಲ್ಲ, ನಮಗೂ ಇಲ್ಲ” ಎಂದರು. ಇವರಿಗೆ ಕಾಡಿನ ದಾರಿ ಮುಚ್ಚಿದೆ ಎಂದು ಯಾವ ಬಾಯಲ್ಲಿ ಹೇಳೋಣ ಮೇಷ್ಟ್ರೇ?

ಅದೇ ಕತ್ತಲೆಕಾನಿನಲ್ಲಿ ಕರಿಗೇರಿನ ಬಳಗಕ್ಕೆ ಸೇರಿದ, ಬೇರೆಲ್ಲೂ ಗುರುತಿಸಿರದಿದ್ದ ಮರವೊಂದು ಸಿಕ್ಕಿತು. 2000ದಲ್ಲಿ ಸಸ್ಯವಿಜ್ಞಾನಿಗಳು ಅದಕ್ಕೆ ಕತ್ತಲೆಕಾನಿನ ಹೆಸರನ್ನೇ ಸೇರಿಸಿ ‘ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್’ ಎಂದು ಹೆಸರಿಟ್ಟರು. ಹೆದ್ದಾರಿ ಅಲ್ಲಿಂದ ದೂರವೇನಿಲ್ಲ. ವರ್ಷವಿಡೀ ಬಸ್ಸು, ಕಾರುಗಳು ಜೋಗಕ್ಕೆ ಹೋಗುತ್ತಾ ಬರುತ್ತಾ ಇರುತ್ತವೆ. ಆ ಕಿಟಕಿಗಳಿಂದ ಯಾರಿಗೂ ಆ ಮರ ಕಾಣಲಿಲ್ಲ. ಇಳಿದು, ಕೆಸರಿಗೆ ಕಾಲಿಟ್ಟು ನಡೆದವರಿಗೆ ಕಂಡಿತು.

ಇನ್ನೊಂದು ನೆನಪು ಮಾಡುತ್ತೇನೆ. 1987ರ ನವೆಂಬರ್‌ನಲ್ಲಿ ಪಶ್ಚಿಮ ಘಟ್ಟ ಉಳಿಸಿ ಪಾದಯಾತ್ರೆ ಹೊರಟಿತು. ಒಂದು ತಂಡ ಕನ್ಯಾಕುಮಾರಿಯಿಂದ, ಇನ್ನೊಂದು ಮಹಾರಾಷ್ಟ್ರದ ನವಾಪುರದಿಂದ. ಎರಡೂ 1988ರ ಫೆಬ್ರವರಿಯಲ್ಲಿ ಗೋವಾದಲ್ಲಿ ಸೇರಿದವು. ಕೇರಳ, ಕರ್ನಾಟಕ, ಗೋವಾ, ಮಹಾರಾಷ್ಟ್ರ ಎಂದು ಬೇರೆ ಬೇರೆಯಾಗಿ ನೋಡುತ್ತಿದ್ದ ಬೆಟ್ಟಗಳನ್ನು ಒಂದೇ ಕಾಡು ಎಂದು ಜನ ಮಾತಾಡಲು ಶುರು ಮಾಡಿದ್ದರಲ್ಲಿ ಆ ನಡಿಗೆಯ ಪಾಲು ದೊಡ್ಡದು. ಅದಕ್ಕೂ ಮೊದಲು, 1983ರಲ್ಲಿ, ಶಿರಸಿಯ ಸಾಲ್ಕಣಿಯ ಜನ ನಡೆದುಕೊಂಡೇ ಕಾಡಿಗೆ ಹೋಗಿ ಮರ ಅಪ್ಪಿಕೊಂಡರು. ಅಪ್ಪಿಕೋ ಚಳವಳಿ ಹುಟ್ಟಿದ್ದು ಹಾಗೆ. ಕಾಡಿನ ದಾರಿ ಗೊತ್ತಿದ್ದವರಿಗೇ ಕಡಿಯುವ ಸದ್ದು ಮೊದಲು ಕೇಳುವುದು.

ಈಗಿನ ಮಾತಿಗೆ ಬರೋಣ. ತಳಕಳಲೆ ಜಲಾಶಯದಿಂದ ಗೇರುಸೊಪ್ಪೆ ಜಲಾಶಯಕ್ಕೆ ನೀರು ಇಳಿಸಿ 2000 ಮೆಗಾವ್ಯಾಟ್ ವಿದ್ಯುತ್ ತೆಗೆದು, ಆಮೇಲೆ ಅದೇ ನೀರನ್ನು ಮತ್ತೆ ಮೇಲಕ್ಕೆತ್ತುವ ಪಂಪ್ಡ್ ಸ್ಟೋರೇಜ್ ಯೋಜನೆ ನಿಮ್ಮ ಮನೆ ಬಾಗಿಲಲ್ಲೇ ಇದೆ. ಸುರಂಗ, ನೆಲದಡಿಯ ವಿದ್ಯುದಾಗಾರ, ಅದಕ್ಕೆ ರಸ್ತೆ, ಮಣ್ಣು ಸುರಿಯಲು ಜಾಗ. 15 ಸಾವಿರಕ್ಕೂ ಹೆಚ್ಚು ಮರ ಕಡಿಯಬೇಕಾಗುತ್ತದೆ. ಜಾಗ ಯಾವುದು? 2019ರಲ್ಲಿ ನಾವೇ ಸಿಂಗಳೀಕಕ್ಕೆಂದು ಹಿಗ್ಗಿಸಿದ, 930 ಚದರ ಕಿಲೋಮೀಟರಿನ ಅಭಯಾರಣ್ಯ! ಬೆನ್ನಿಗೆ ಚೀಲ ಹಾಕಿಕೊಂಡು ಬರುವ ಹುಡುಗಿಗೆ ಅನುಮತಿ ಪತ್ರ ಎಲ್ಲಿ ಎಂದು ಗೇಟಿನಲ್ಲಿ ಕೇಳುತ್ತೇವೆ. ಕೇಳಲಿ, ಕೇಳಲೇಬೇಕು. ಆದರೆ ಜೆಸಿಬಿ ಬಂದಾಗ ಅಷ್ಟೇ ಗಟ್ಟಿಯಾಗಿ ಕೇಳುವವರು ಯಾರು? ಆ ಕಾಡನ್ನು ಒಮ್ಮೆಯೂ ನೋಡದವನು ಕೇಳುತ್ತಾನೆಯೇ? ನಕ್ಷೆಯ ಮೇಲೆ ಅದು ಅವನಿಗೆ ಸುಮ್ನೆ ಒಂದು ಹಸಿರು ಬಣ್ಣ. ನೀವು ಎಲ್ಲ ದಾರಿ ಮುಚ್ಚಿ ಎನ್ನುವಾಗ, ಸಾಕ್ಷಿ ಹೇಳುವವರನ್ನೂ ಹೊರಗೆ ಹಾಕುತ್ತಿದ್ದೀರಿ. ಬೇಕೆಂದು ಮಾಡುತ್ತಿಲ್ಲ, ಗೊತ್ತು. ಆದರೂ ಆಗುವುದು ಅದೇ.

ಹಾಗಾದರೆ ಏನು ಮಾಡಬೇಕು ಅಂತೀರಾ? ಜನ ಕಡಿಮೆ ಇರಲಿ. ಸ್ಥಳೀಯರೊಬ್ಬರು ಜೊತೆಗಿಲ್ಲದೆ ಯಾರನ್ನೂ ಬಿಡುವುದು ಬೇಡ, ಅವರಿಗೆ ಒಳ್ಳೆಯ ಕೂಲಿ ಸಿಗಲಿ. ಕಟ್ಟುವ ಶುಲ್ಕದಲ್ಲಿ ಒಂದು ಪಾಲು ಆ ಊರಿನ ಕಾಲುಸಂಕಕ್ಕೇ ಹೋಗಲಿ. ಮಳೆಗಾಲದಲ್ಲಿ ಶಾಲೆಗೆ ಹೋಗುವ ಮಕ್ಕಳು ಕೊಳೆತ ಸಂಕ ದಾಟುವ ಸುದ್ದಿ ಪ್ರತಿ ಜೂನ್‌ನಲ್ಲೂ ಬರುತ್ತದೆ, ಜುಲೈಗೆ ಮರೆತುಹೋಗುತ್ತದೆ. ದಾರಿ ಬಳಕೆಯಲ್ಲಿದ್ದರೆ ಕತ್ತಿ ಹಿಡಿದು ಸವರುವವರು ಇರುತ್ತಾರೆ. ಜನ ನಡೆಯುವುದನ್ನು ಬಿಟ್ಟ ಎಷ್ಟೋ ಕಡೆ ಕಾಡಿನ ಅಂಚಿಗೆ ಲಂಟಾನ, ಯುಪಟೋರಿಯಂನಂಥ ಕಳೆ ಗಿಡಗಳು ನುಗ್ಗಿ ಕೂತಿವೆ. ನೀವೂ ನೋಡಿದ್ದೀರಿ, ಅಲ್ವಾ?

ನಮ್ಮ ಶಾಲೆಗಳ ಮೇಲೂ ನನಗೆ ದೊಡ್ಡ ತಕರಾರಿದೆ. ಮಲೆನಾಡಿನ ಮಕ್ಕಳನ್ನು ಬಸ್ಸಿನಲ್ಲಿ ತುಂಬಿಸಿ ಬೆಂಗಳೂರು, ಮೈಸೂರಿಗೆ ಪ್ರವಾಸ ಒಯ್ಯುತ್ತಾರೆ. ಅಂಬುತೀರ್ಥದಲ್ಲಿ ಹುಟ್ಟುವ ಹೊಳೆ ಬರೀ 128 ಕಿಲೋಮೀಟರ್ ಹರಿದು ಹೊನ್ನಾವರದಲ್ಲಿ ಸಮುದ್ರ ಸೇರುತ್ತದೆ ಎಂದು ಪರೀಕ್ಷೆಗೆ ಬಾಯಿಪಾಠ ಮಾಡಿಸುತ್ತಾರೆ. ಅದರ ದಡದಲ್ಲಿ ಅರ್ಧ ದಿನ ನಡೆಸುವ ಮೇಷ್ಟ್ರು ಎಷ್ಟು ಮಂದಿ ಇದ್ದಾರೆ? ಮಾವಿನ ಮರಕ್ಕೂ ಮುರುಗಲಿಗೂ ವ್ಯತ್ಯಾಸ ತಿಳಿಯದೆ ಹತ್ತನೇ ತರಗತಿ ಮುಗಿಸುವ ಮಕ್ಕಳು ಈಗ ಹಳ್ಳಿಯಲ್ಲೂ ಇದ್ದಾರೆ. ಇವರೇ ನಾಳೆ ಎಂಜಿನಿಯರ್ ಆಗಿ ಕಣಿವೆಯ ನಕ್ಷೆ ಬಿಡಿಸುತ್ತಾರೆ, ಅಧಿಕಾರಿಗಳಾಗಿ ಅದಕ್ಕೆ ಸಹಿ ಹಾಕುತ್ತಾರೆ.

ನಿಮ್ಮ ಕಾಗದದ ಎರಡನೇ ಪುಟದಲ್ಲಿ, ಹುಡುಗನಾಗಿದ್ದಾಗ ಅಪ್ಪನ ಜೊತೆ ಅಡಿಕೆ ಹೊತ್ತು ಘಟ್ಟ ಇಳಿದದ್ದನ್ನು ಬರೆದಿದ್ದೀರಿ. ಆರೇ ಸಾಲು, ಆದರೆ ಇಡೀ ಕಾಗದದಲ್ಲಿ ಅಷ್ಟು ಪ್ರೀತಿಯಿಂದ ಬರೆದ ಜಾಗ ಬೇರೆ ಇಲ್ಲ. ಆ ದಾರಿಯನ್ನು ಪೂರ್ತಿ ಬರೆದುಕೊಡಿ. ಎಲ್ಲಿ ಹೊರೆ ಇಳಿಸುತ್ತಿದ್ದಿರಿ, ನೀರು ಎಲ್ಲಿ ಸಿಗುತ್ತಿತ್ತು, ರಾತ್ರಿ ಯಾರ ಮನೆಯ ಜಗಲಿಯಲ್ಲಿ ಮಲಗುತ್ತಿದ್ದಿರಿ, ಅದರಲ್ಲಿ ಯಾವ ಭಾಗ ಈಗ ನೀರಿನಡಿ ಇದೆ, ಎಲ್ಲವೂ ಬೇಕು. ಮುಂದಿನ ಸಂಚಿಕೆಗೆ ನಾಲ್ಕು ಪುಟ ಬಿಟ್ಟುಕೊಂಡಿದ್ದೇನೆ. ಕೈಬರಹದಲ್ಲೇ ಕಳಿಸಿ, ಟೈಪ್ ನಾವು ಮಾಡಿಕೊಳ್ಳುತ್ತೇವೆ.